ಅಪ್‌ಡೇಟ್: ಒಂದು ಕೈಯಿಂದ ಇನ್ನೊಂದು ಕೈಗೆ ಟಾರ್ಚ್
ಕಟ್‌ಔಟ್ ರಿಗ್‌ನಲ್ಲಿ (ಕೈ, ಕಾಲು, ತಲೆ ಬೇರೆ ಬೇರೆ ತುಂಡಾಗಿ ಜೋಡಿಸಿದ 2ಡಿ ಅನಿಮೇಷನ್ ಗೊಂಬೆ) ಒಂದು ಪಾತ್ರ ಇನ್ನೊಂದಕ್ಕೆ ಟಾರ್ಚ್ ಕೊಡುವಾಗ ಅದು ಪಕ್ಕಕ್ಕೆ ಜಿಗಿಯುತ್ತದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ನಡುವೆ ಪೇರೆಂಟ್, ಅಂದರೆ ಟಾರ್ಚ್ ಯಾವ ಕೈಯ ಜೊತೆ ಚಲಿಸಬೇಕು ಅನ್ನುವ ಜೋಡಣೆ, ಬದಲಾಯಿಸುವ ಗೋಜೇ ಬೇಡ. ಹಾರ್ಮನಿ ಅನ್ನುವ ಅನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಟಾರ್ಚ್‌ನ ಎರಡು ಪ್ರತಿ ಇಟ್ಟೆ, ಒಂದೊಂದು ಕೈಯ ಪೆಗ್ (ಚಲನೆಯನ್ನು ಹಿಡಿದಿಡುವ ಲೇಯರ್) ಕೆಳಗೆ ಒಂದೊಂದು. ಕೈ ಬದಲಾಗುವ ಫ್ರೇಮ್‌ನಲ್ಲಿ ಮೊದಲನೆಯದರ ಎಕ್ಸ್‌ಪೋಷರ್ (ಡ್ರಾಯಿಂಗ್ ಕಾಣುವ ಫ್ರೇಮ್‌ಗಳು) ಖಾಲಿ, ಎರಡನೆಯದು ಶುರು. ಪಿವಟ್, ಅಂದರೆ ಟಾರ್ಚ್ ತಿರುಗುವ ಬಿಂದು, ಮಾತ್ರ ಎರಡರಲ್ಲೂ ಹಿಡಿಯುವ ಜಾಗದಲ್ಲೇ ಇರಬೇಕು, ಇಲ್ಲದಿದ್ದರೆ ತಿರುಗಿಸುವಾಗ ಟಾರ್ಚ್ ಕೈಯಿಂದ ಜಾರಿದ ಹಾಗೆ ಕಾಣುತ್ತದೆ.

ಜಾಸ್ತಿ ತಲೆ ತಿಂದಿದ್ದು ಬೆರಳುಗಳು. ಅಂಗೈ ಹಿಂದೆ, ಬೆರಳು ಮುಂದೆ ಅಂತ ಬೇರೆ ಬೇರೆ ಡ್ರಾಯಿಂಗ್ ಮಾಡಿ ನಡುವೆ ಟಾರ್ಚ್ ತೂರಿಸಿದ ಮೇಲೇ ಅದು ನಿಜವಾಗಿ ಹಿಡಿದ ಹಾಗೆ ಕಂಡಿತು. ನೆಲಕ್ಕೆ ಬೀಳುವ ಶಾಟ್‌ಗೆ ಯಾವ ಕೈಗೂ ಸೇರದ ಮೂರನೇ ಪ್ರತಿ ಬೇಕಾಯಿತು. ಪ್ರತಿಯೊಂದಕ್ಕೂ ಸರಿಯಾದ ಹೆಸರಿಡಿ, ಇಲ್ಲದಿದ್ದರೆ ಸುಮ್ನೆ ಟೈಮ್‌ಲೈನ್‌ನಲ್ಲಿ ಹುಡುಕಿ ಹುಡುಕಿ ಸಾಕಾಗುತ್ತದೆ.