ಅಪ್‌ಡೇಟ್: ಗಾಜಿನಲ್ಲಿ ಅಜ್ಜಿಯ ಮುಖ, ನೆರಳು ಕೊನೆಗೂ ನಿಂತಿತು

ತುಮಕೂರಿನಿಂದ ಎಲ್ಲರಿಗೂ ನಮಸ್ಕಾರ. ಸ್ಟೇನ್ಡ್ ಗ್ಲಾಸಿನಲ್ಲಿ (ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಿಂದ ಜೋಡಿಸುವ ಕಲೆ) ಅಜ್ಜಿಯ ಮುಖ ಮಾಡುತ್ತಿದ್ದೇನೆ, ಕೆನ್ನೆಯ ನೆರಳು ಒರೆಸಿದರೆ ಹೋಗುತ್ತದೆ, ಸೀಸದ ಪಟ್ಟಿ ಮೂಗಿನ ಮೇಲೇ ಬರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಎರಡೂ ಸರಿಹೋಯಿತು!

ಅಕ್ರಿಲಿಕ್ ಬಳಿದು ವಾರ್ನಿಷ್ ಹೊಡೆಯುವ ಸಲಹೆ ನಡೆಯಲಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ಪದರ ಎದ್ದುಬಂತು. ಸುಡುವ ಬಣ್ಣ ಬಳಸಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಅದು ಲೋಹದ ಆಕ್ಸೈಡ್ ಮತ್ತು ನುಣ್ಣನೆಯ ಗಾಜಿನ ಪುಡಿ. ನೀರು, ಸ್ವಲ್ಪ ಗಮ್ ಅರೇಬಿಕ್ (ಮರದ ಅಂಟು) ಹಾಕಿ ಕಲಸಬೇಕು. ಮೊದಲು ಗೆರೆ ಬರೆದು ಸುಟ್ಟೆ. ಆಮೇಲೆ ಇಡೀ ಮುಖಕ್ಕೆ ತೆಳುವಾಗಿ ಬಳಿದು, ಒಣಗಿದ ಮೇಲೆ ಬೆಳಕು ಬೇಕಾದ ಕಡೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಹಣೆ, ಮೂಗಿನ ತುದಿ, ಕೆನ್ನೆಯ ಸುಕ್ಕು ಎಲ್ಲ ಎಷ್ಟು ಚೆನ್ನಾಗಿ ಮೂಡಿದವು ಗೊತ್ತಾ! ಪರಿಚಯದ ಸೆರಾಮಿಕ್ ಕಲಾವಿದೆಯೊಬ್ಬರ ಸುಡುವ ಗೂಡು, ಅಂದರೆ ಕಿಲ್ನ್‌ನಲ್ಲಿ ಸುಮಾರು 650 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟೆವು. ಪೂರ್ತಿ ತಣ್ಣಗಾಗುವ ತನಕ ಬಾಗಿಲು ತೆಗೆಯಬೇಡಿ, ಗಾಜು ಸೀಳಬಹುದು.

ಸೀಸದ ವಿಷಯ ಸುಲಭ. ಮುಖ ಒಂದೇ ತುಂಡು, ಪಟ್ಟಿ ಕೂದಲಿನ ಅಂಚು, ದವಡೆ, ಸೆರಗಿನ ಉದ್ದಕ್ಕೆ ಮಾತ್ರ.

ನನಗೆ ಆಶ್ಚರ್ಯವಾಗಿದ್ದು ಮೂಗುತಿಯ ಬಣ್ಣ. ಗಾಜಿನ ಹಿಂಬದಿಗೆ ಬೆಳ್ಳಿಯ ಲವಣ ಹಚ್ಚಿ, ಇನ್ನೂ ಕಡಿಮೆ ಬಿಸಿಯಲ್ಲಿ ಸುಟ್ಟರೆ ಹೊನ್ನಿನ ಹಳದಿ ಬರುತ್ತದೆ. ಬೆಳ್ಳಿ ಗಾಜಿನೊಳಕ್ಕೇ ಇಳಿಯುತ್ತದೆ, ಹಾಗಾಗಿ ಅಳಿಸುವುದಿಲ್ಲ. ಯೂರೋಪಿನಲ್ಲಿ 14ನೇ ಶತಮಾನದ ಆರಂಭದಿಂದಲೇ ಹೀಗೆ ಮಾಡುತ್ತಿದ್ದರಂತೆ.

ಬಣ್ಣದ ಪುಡಿ ಕಲಸುವಾಗ ಮಾಸ್ಕ್ ಹಾಕಿ. ಕೆಲವು ಪುಡಿಗಳಲ್ಲೂ ಸೀಸ ಇರುತ್ತದೆ.