ಜಾರ್ಜ್ ಮೈಕನ್ ಅವರಿಗೆ ಎತ್ತರವೊಂದೇ ಬಂಡವಾಳವಾಗಿತ್ತೇ?

ಪ್ರಶ್ನೆ

ಸಂಜೆ ಹೊತ್ತು ಬಡಾವಣೆಯ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ನಾನು ಅಭ್ಯಾಸವನ್ನು ‘ಮೈಕನ್ ಡ್ರಿಲ್’ನಿಂದಲೇ ಆರಂಭಿಸುತ್ತೇನೆ. ಆ ಮೈಕನ್ ಯಾರೆಂದು ಮೊನ್ನೆ ಒಬ್ಬ ಹುಡುಗ ಕೇಳಿದಾಗ, 1950ರ ಸುಮಾರಿನ ಅಮೆರಿಕದ ವೃತ್ತಿಪರ ಆಟಗಾರ, 6 ಅಡಿ 10 ಅಂಗುಲ ಎತ್ತರದವರು ಎಂದಷ್ಟೇ ಹೇಳಿದೆ. ‘ಅಷ್ಟು ಎತ್ತರ ಇದ್ದರೆ ಯಾರು ಬೇಕಾದರೂ ಆಡಬಹುದಲ್ಲ ಸರ್’ ಎಂದುಬಿಟ್ಟ. ಅವನ ಮಾತು ತಪ್ಪೆಂದು ನನಗೆ ಅನ್ನಿಸಿದರೂ, ಏಕೆ ತಪ್ಪೆಂದು ವಿವರಿಸಲು ಆಗಲಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1

ಎತ್ತರವೇ ಸಾಕಾಗಿದ್ದರೆ ನಾಟರ್ ಡೇಮ್ ವಿಶ್ವವಿದ್ಯಾಲಯ ಅವರನ್ನು ಬರಿಗೈಯಲ್ಲಿ ವಾಪಸು ಕಳಿಸುತ್ತಿರಲಿಲ್ಲ. 1924ರಲ್ಲಿ ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ ಹುಟ್ಟಿದ ಮೈಕನ್, ಬಾಲ್ಯದಲ್ಲಿ ಮಂಡಿ ಮುರಿದುಕೊಂಡು ಬಹುಕಾಲ ಹಾಸಿಗೆ ಹಿಡಿದಿದ್ದರು. ದಪ್ಪ ಗಾಜಿನ ಕನ್ನಡಕವಿಲ್ಲದೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪಾದ್ರಿಯಾಗುವ ಉದ್ದೇಶದಿಂದ ಷಿಕಾಗೋದ ಸೆಮಿನರಿಯಲ್ಲಿ ಓದಿದ್ದರು. ನಾಟರ್ ಡೇಮ್‌ನಲ್ಲಿ ಆಯ್ಕೆಗೆ ಹೋದಾಗ ಮೈ ಬಗ್ಗದ ಒಡ್ಡ ಹುಡುಗನೆಂದು ಅವರನ್ನು ತಿರಸ್ಕರಿಸಲಾಯಿತು.

1942ರಲ್ಲಿ ಷಿಕಾಗೋದ ಡೆಪಾಲ್ ವಿಶ್ವವಿದ್ಯಾಲಯಕ್ಕೆ ತರಬೇತುದಾರರಾಗಿ ಬಂದ ರೇ ಮೇಯರ್ ಅವರು ಈ ಹುಡುಗನನ್ನು ಹಗ್ಗ ಹಾರಿಸಿದರು, ಗಾಳಿಯಲ್ಲಿ ಗುದ್ದಿಸಿ ಬಾಕ್ಸಿಂಗ್ ಮಾಡಿಸಿದರು, ಕಾಲು ಹಗುರವಾಗಲೆಂದು ನೃತ್ಯವನ್ನೂ ಕಲಿಸಿದರು. ನೀವು ಮಾಡಿಸುವ ಡ್ರಿಲ್ ಆ ದುಡಿಮೆಯಿಂದಲೇ ಬಂದದ್ದು. ರಿಂಗ್‌ನ ಕೆಳಗೆ ನಿಂತು ಬಲಬದಿಯಿಂದ ಬಲಗೈಯಲ್ಲಿ ಬೋರ್ಡಿಗೆ ಹಾಕುವುದು, ಬಲೆಯಿಂದ ಇಳಿದ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು ಒಂದೇ ಹೆಜ್ಜೆಗೆ ಎಡಬದಿಗೆ ತಿರುಗಿ ಎಡಗೈಯಲ್ಲಿ ಹಾಕುವುದು, ಹೀಗೆ ಭುಜ ಸೋಲುವವರೆಗೆ. ಎಡಗೈಯಲ್ಲಿಯೂ ಅಷ್ಟೇ ಸಲೀಸಾಗಿ ಹುಕ್ ಶಾಟ್ (ಪಕ್ಕಕ್ಕೆ ತಿರುಗಿ ಒಂದೇ ಕೈಯನ್ನು ತಲೆಯ ಮೇಲಿಂದ ಬಾಗಿಸಿ ಎಸೆಯುವುದು) ಹಾಕುವುದನ್ನು ಯಾರ ಎತ್ತರವೂ ಕಲಿಸಿಕೊಡುವುದಿಲ್ಲ. 1945ರ ಎನ್‌ಐಟಿ ಎಂಬ ಕಾಲೇಜು ಟೂರ್ನಿಯಲ್ಲಿ ಡೆಪಾಲ್ 97–53ರಿಂದ ರೋಡ್ ಐಲೆಂಡ್ ತಂಡವನ್ನು ಸೋಲಿಸಿದಾಗ ಮೈಕನ್ ಒಬ್ಬರೇ 53 ಅಂಕ ಗಳಿಸಿದ್ದರು, ಎಂದರೆ ಎದುರಾಳಿ ತಂಡದವರೆಲ್ಲ ಸೇರಿ ಗಳಿಸಿದಷ್ಟು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೂ ಆ ಹುಡುಗನ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂಬುದನ್ನು ಮರೆಯಬಾರದು. ರಿಂಗ್‌ನತ್ತ ಇಳಿಯುತ್ತಿರುವ ಚೆಂಡನ್ನು ಮುಟ್ಟಬಾರದೆಂಬ ಕಾಲೇಜು ನಿಯಮ 1944ರಲ್ಲಿ ಬಂದದ್ದೇ ಮೈಕನ್ ಮತ್ತು ಆ ಕಾಲದ ಇನ್ನೊಬ್ಬ ಕಾಲೇಜು ಆಟಗಾರ ಬಾಬ್ ಕರ್ಲೆಂಡ್ ಅವರಂಥ ಎತ್ತರದವರಿಂದಾಗಿ. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡದವರು ಚೆಂಡು ಮೈಕನ್ ಕೈಗೆ ಸಿಗದಿರಲೆಂದು ಆಟದುದ್ದಕ್ಕೂ ಅದನ್ನು ತಮ್ಮಲ್ಲೇ ಹಿಡಿದಿಟ್ಟುಕೊಂಡು, ಮೈಕನ್ ಅವರ ವೃತ್ತಿಪರ ತಂಡವಾದ ಮಿನಿಯಾಪೊಲಿಸ್ ಲೇಕರ್ಸ್ ಅನ್ನು 19–18ರಿಂದ ಸೋಲಿಸಿದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಇತಿಹಾಸದಲ್ಲಿ ಅದಕ್ಕಿಂತ ಕಡಿಮೆ ಅಂಕಗಳ ಪಂದ್ಯವಿಲ್ಲ, ಮತ್ತು ಲೇಕರ್ಸ್‌ನ ಆ 18ರಲ್ಲಿ 15 ಅಂಕ ಮೈಕನ್ ಅವರವೇ.

ನಿಮ್ಮ ಪ್ರಶ್ನೆಗೆ ನಿಜವಾದ ಪರೀಕ್ಷೆ ನಡೆದದ್ದು ಮುಂದಿನ ವರ್ಷ. ಅವರು ರಿಂಗ್‌ನ ಬುಡದಲ್ಲಿ ಬೀಡುಬಿಡದಂತೆ ತಡೆಯಲು ಎನ್‌ಬಿಎ ಅಲ್ಲಿನ ಲೇನನ್ನು (ದಾಳಿ ಮಾಡುವ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಪಟ್ಟಿಯನ್ನು) 6 ಅಡಿಯಿಂದ 12 ಅಡಿಗೆ ಅಗಲಗೊಳಿಸಿತು. ಪಂದ್ಯಕ್ಕೆ 28.4ರಷ್ಟಿದ್ದ ಅವರ ಸರಾಸರಿ 23.8ಕ್ಕೆ ಇಳಿಯಿತು, ನಿಜ. ಆದರೆ 1952, 1953, 1954ರಲ್ಲಿ ಸತತವಾಗಿ ಪ್ರಶಸ್ತಿ ಗೆದ್ದದ್ದು ಲೇಕರ್ಸ್ ತಂಡವೇ. ಬರೀ ಎತ್ತರದ ಆಟಗಾರನಾಗಿದ್ದರೆ ಅಲ್ಲಿಗೆ ಅವರ ಕಥೆ ಮುಗಿಯಬೇಕಿತ್ತು. 1949ರ ಫೈನಲ್ ಸರಣಿಯಲ್ಲಿ ಮಣಿಕಟ್ಟು ಮುರಿದಾಗಲೂ ಅವರು ಪಟ್ಟಿ ಕಟ್ಟಿಸಿಕೊಂಡು ಆಡಿ, ಮುಂದಿನ ಪಂದ್ಯದಲ್ಲಿ 22 ಅಂಕ ಗಳಿಸಿದ್ದರು.

ಉತ್ತರ 3

ಆಟ ಬಿಟ್ಟ ಮೇಲಿನ ಬದುಕನ್ನೂ ಆ ಹುಡುಗನಿಗೆ ಹೇಳಿ. ವಕೀಲರಾಗಿದ್ದ ಮೈಕನ್ 1967ರಲ್ಲಿ ಎಬಿಎ ಎಂಬ ಹೊಸ ಲೀಗ್‌ನ ಮೊದಲ ಆಯುಕ್ತರಾಗಿ, ಕೆಂಪು-ಬಿಳಿ-ನೀಲಿ ಚೆಂಡನ್ನೂ ಮೂರು ಅಂಕದ ಗೆರೆಯನ್ನೂ ಆ ಲೀಗ್‌ಗೆ ತಂದರು. ರಿಂಗ್‌ನ ಬುಡದಲ್ಲಿ ಆಳಿದ ವ್ಯಕ್ತಿಯೇ ಕುಳ್ಳ ಆಟಗಾರರಿಗೂ ಅವಕಾಶ ಸಿಗಲೆಂದು ದೂರದ ಗೆರೆಯನ್ನು ಬೆಂಬಲಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಕೊನೆಗಾಲ ಮಾತ್ರ ನೋವಿನದು. ಮಧುಮೇಹದಿಂದ ಒಂದು ಕಾಲನ್ನು ಕಳೆದುಕೊಂಡು, ಹಣದ ತೊಂದರೆಯಲ್ಲಿದ್ದಾಗಲೂ, 1965ಕ್ಕಿಂತ ಮೊದಲು ಆಡಿದವರಿಗೆ ಸಿಗುತ್ತಿದ್ದ ಅಲ್ಪ ಪಿಂಚಣಿಯನ್ನು ಹೆಚ್ಚಿಸಬೇಕೆಂದು ಅವರು ಹೋರಾಡಿದರು. 2005ರ ಜೂನ್ 1ರಂದು ಅವರು ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚವನ್ನು ಭರಿಸಿದವರು ಮುಂದಿನ ಪೀಳಿಗೆಯ ಎನ್‌ಬಿಎ ಆಟಗಾರ ಷಕೀಲ್ ಓ'ನೀಲ್. ಅವರ 99ನೇ ಅಂಕಿಯ ಅಂಗಿಯನ್ನು ಲೇಕರ್ಸ್ ತಂಡ ಗೌರವಾರ್ಥವಾಗಿ, ಬೇರೆ ಯಾರಿಗೂ ಕೊಡದಂತೆ ಶಾಶ್ವತವಾಗಿ ಎತ್ತಿಟ್ಟದ್ದು 2022ರಲ್ಲಿ. ಅಷ್ಟು ತಡವಾಗಬಾರದಿತ್ತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಆ ಹುಡುಗ ನನ್ನ ತಂಡದಲ್ಲೇ ಎಲ್ಲರಿಗಿಂತ ಉದ್ದ. ಎಡಬದಿಗೆ ಬಂದಾಗಲೂ ಬಲಗೈಯಲ್ಲೇ ಹಾಕುತ್ತಾನೆ. ನಾಳೆ ನಾಟರ್ ಡೇಮ್‌ನಿಂದ ವಾಪಸು ಬಂದ ಕನ್ನಡಕದ ಹುಡುಗನ ವಿಷಯ ಹೇಳಿ, ಎಡಗೈಯಿಂದಲೇ ಡ್ರಿಲ್ ಶುರು ಮಾಡಿಸುತ್ತೇನೆ.