ವಾಟರ್‌ಪ್ರೂಫ್ ಪೇಂಟ್ ಹೊಡೆದ ಮೇಲೆ ಗೋಡೆಯ ತೇವ ಇನ್ನೂ ಮೇಲಕ್ಕೆ ಹತ್ತಿದೆ, ಏನು ಮಾಡಲಿ?

ಪ್ರಶ್ನೆ:

ಮಲಗುವ ಕೋಣೆಯ ಹಿಂದಿನ ಗೋಡೆ ನೆಲದಿಂದ ಎರಡೂವರೆ ಅಡಿವರೆಗೆ ಸದಾ ಒದ್ದೆ. ಬಣ್ಣ ಗುಳ್ಳೆ ಎದ್ದು ಒಡೆಯುತ್ತದೆ, ಪುಟ್ಟಿ ಹಿಟ್ಟಿನ ಹಾಗೆ ಉದುರುತ್ತದೆ. ಸ್ಕರ್ಟಿಂಗ್ ಮೇಲೆ ಬಿದ್ದ ಬಿಳಿ ಪುಡಿ ದಿನಾ ಒರೆಸುವುದೇ ಕೆಲಸ. ಎರಡು ಸಲ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದೆ. ಮೊದಲ ಸಲ ಒಂದು ಮಳೆಗಾಲ ತಡೆಯಿತು. ಎರಡನೇ ಸಲ ತೇವ ಇನ್ನೊಂದು ಗೇಣು ಮೇಲಕ್ಕೆ ಹತ್ತಿತು! ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆಚೆ ಕಡೆ ಹೂವಿನ ಪಾತಿ. ಗೋಡೆಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಮಾಡಿಸಿ ಅಂತ ಒಬ್ಬರು ಹೇಳಿದರು. ಮಾಡಿಸಲಾ?

ಉತ್ತರ:

ಸ್ವಲ್ಪ ತಡೆಯಿರಿ. ಮೊದಲು ಟೇಪು ಹಿಡಿಯಿರಿ. ಆ ಗೋಡೆಯ ಕಿಟಕಿ ಚೌಕಟ್ಟಿನ ಕೆಳ ಅಂಚಿನಿಂದ ಒಳಗಿನ ನೆಲಕ್ಕೆ ಎಷ್ಟಿದೆ, ಹೊರಗಿನ ಮಣ್ಣಿಗೆ ಎಷ್ಟಿದೆ ಅಳೆದು ಹೇಳಿ. ಗೋಡೆಯಲ್ಲಿ ನೀರಿನ ಪೈಪ್ ಇದೆಯಾ? ಇದ್ದರೆ ರಾತ್ರಿ ಎಲ್ಲಾ ನಲ್ಲಿ ಮುಚ್ಚಿ ಮೀಟರ್ ಬರೆದಿಟ್ಟುಕೊಳ್ಳಿ, ಬೆಳಗ್ಗೆ ಮತ್ತೆ ನೋಡಿ.

ಕೇಳಿದವರು:

ಮೀಟರ್ ಕದಲಿಲ್ಲ. ಒಳಗೆ 90 ಸೆಂ.ಮೀ., ಹೊರಗೆ 78. ಅಂದರೆ ಮಣ್ಣೇ ನೆಲಕ್ಕಿಂತ 12 ಸೆಂ.ಮೀ. ಮೇಲಿದೆ! ಪ್ರತಿ ವರ್ಷ ಪಾತಿಗೆ ಗೊಬ್ಬರ, ಮಣ್ಣು ಸುರಿಯುತ್ತಲೇ ಬಂದೆ. ಇಷ್ಟು ಏರಿದ್ದು ಗಮನಕ್ಕೇ ಬರಲಿಲ್ಲ.

ಉತ್ತರ:

ಕಳ್ಳ ಸಿಕ್ಕಿಬಿದ್ದ. ತಳಪಾಯದ ನೀರು ಮೇಲೇರದ ಹಾಗೆ ಸಾಮಾನ್ಯವಾಗಿ ಮನೆಯೊಳಗಿನ ನೆಲದ ಮಟ್ಟದಲ್ಲಿ ಗೋಡೆಗೆ ಒಂದು ತಡೆಪದರ ಹಾಕಿರುತ್ತಾರೆ, ಡಿಪಿಸಿ ಅಂತ. ನಿಮ್ಮ ಪಾತಿ ಅದನ್ನೂ ದಾಟಿ ಕೂತಿದೆ. ಪದರ ಗಟ್ಟಿಯಾಗಿದ್ದರೂ ನೀರು ಅದರ ತಲೆಯ ಮೇಲಿಂದ ಅಡ್ಡಕ್ಕೆ ಗೋಡೆಯೊಳಗೆ ನುಗ್ಗುತ್ತದೆ. ಕೆಮಿಕಲ್ ಇಂಜೆಕ್ಷನ್ ಕೂಡ ಅಂಥದ್ದೇ ಒಂದು ತಡೆಪದರ, ಅದನ್ನು ಕೆಳಗೆ ಕೊಟ್ಟರೆ ಏನು ಪ್ರಯೋಜನ? ಪೇಂಟ್ ಕಥೆಯೂ ಅಷ್ಟೇ. ಗೋಡೆ ನಿಮ್ಮ ಕೋಣೆಯೊಳಗೆ ಒಣಗುತ್ತಿತ್ತು. ಆ ದಾರಿ ಮುಚ್ಚಿದಿರಿ, ತೇವ ಮೇಲೆ ಹತ್ತಿತು.

ಹೊರಗಿನ ಮಣ್ಣು ಡಿಪಿಸಿಗಿಂತ ಕಡೇಪಕ್ಷ 15 ಸೆಂ.ಮೀ. ಕೆಳಗಿರಬೇಕು. ಇಲ್ಲದಿದ್ದರೆ ಮಳೆಹನಿ ನೆಲಕ್ಕೆ ಬಡಿದು ಸಿಡಿದೇ ಗೋಡೆ ನೆನೆಯುತ್ತದೆ. ಹಾಗಾಗಿ ನೀವು 27 ಸೆಂ.ಮೀ. ತೆಗೆಯಬೇಕು. ಗೋಡೆ ಪಕ್ಕ ಮಾತ್ರ ಕಿರಿದಾಗಿ ತೋಡಿದರೆ ಅಲ್ಲೇ ನೀರು ನಿಲ್ಲುತ್ತದೆ. ಪಾತಿಯನ್ನೇ ಇಳಿಸಿ, ಇಳಿಜಾರು ಗೋಡೆಯಿಂದ ಆಚೆಗಿರಲಿ. ತಳಪಾಯದ ಬುಡಕ್ಕಿಂತ ಕೆಳಗೆ ಮಾತ್ರ ಅಗೆಯಬೇಡಿ.

ಒಳಗೆ, ತೇವದ ಗೆರೆಗಿಂತ ಒಂದು ಅಡಿ ಮೇಲಿನವರೆಗೂ ಗಿಲಾವು ಕಿತ್ತುಹಾಕಿ. ಅದರಲ್ಲಿ ಉಪ್ಪು ತುಂಬಿರುತ್ತದೆ. ಗೋಡೆ ಒಣಗಿದರೂ ಆ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಕಿತ್ತ ಮೇಲೆ ಸುಮ್ನೆ ಬಿಡಿ. ಇಂಚಿಗೆ ಒಂದು ತಿಂಗಳು ಅನ್ನುವುದು ಅಂದಾಜು ಲೆಕ್ಕ, ನಿಮ್ಮದು ಒಂಬತ್ತು ಇಂಚು. ಆಮೇಲೆ ಸುಣ್ಣದ ಗಿಲಾವು ಮಾಡಿಸಿ, ಜಿಪ್ಸಮ್ ಬೇಡ.

ಇನ್ನೊಬ್ಬರು:

ನಮ್ಮಲ್ಲಿ ಆಚೆಗಿರುವುದು ಪಕ್ಕದ ಮನೆಯವರ ಜಾಗ, ಮಣ್ಣು ಇಳಿಸಲು ಅವರು ಒಪ್ಪುತ್ತಿಲ್ಲ. ಗೋಡೆ ಪಕ್ಕ ಜಲ್ಲಿ ತುಂಬಲು ಮಾತ್ರ ಒಪ್ಪಿದ್ದಾರೆ. ಸಾಕಾ?

ಉತ್ತರ:

ನೀರು ಹೊರಹೋಗಲು ದಾರಿ ಇದ್ದರೆ ಮಾತ್ರ. ಸುಮಾರು ಒಂದು ಅಡಿ ಅಗಲ ತೋಡಿ, ತಳದಲ್ಲಿ ತೂತಿನ ಪೈಪ್ ಇಟ್ಟು, ಮಣ್ಣು ಕಟ್ಟದ ಹಾಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ ಜಲ್ಲಿ ತುಂಬಿ. ಪೈಪಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು ತಗ್ಗಿನ ಕಡೆ ಹೊರಗೆ ಬಿಡಿ. ಪೈಪ್ ಎಲ್ಲಿಗೂ ಹೋಗದಿದ್ದರೆ ಅದು ಗೋಡೆ ಪಕ್ಕ ನೀವೇ ಕಟ್ಟಿದ ತೊಟ್ಟಿ, ಅಲ್ವಾ?

ಕೇಳಿದವರು, ಐದು ತಿಂಗಳ ನಂತರ:

ಪಾತಿ ಇಳಿಸಿದೆ. ಮಣ್ಣಿನಡಿಯ ಗಿಲಾವು ನೆನೆದ ಬಿಸ್ಕತ್ತಿನಂತೆ ಬೆರಳಿಗೇ ಬಂತು. ಹಿಂದಿನ ಇಟ್ಟಿಗೆ ಸಂದಿಯಲ್ಲಿ ಗುಲಾಬಿ ಗಿಡದ ಬೇರು ಜಡೆಯಂತೆ ಹೆಣೆದುಕೊಂಡಿತ್ತು. ಒಳಗಡೆ ಗಿಲಾವು ಕಿತ್ತು ಪ್ರತಿ ತಿಂಗಳೂ ಇಟ್ಟಿಗೆ ಮೇಲೆ ತೇವದ ಗೆರೆಗೆ ಪೆನ್ಸಿಲ್ ಗುರುತು ಹಾಕುತ್ತಿದ್ದೇನೆ. 40 ಸೆಂ.ಮೀ. ಇಳಿದಿದೆ, ಮುಗ್ಗಲು ವಾಸನೆ ಹೋಗಿದೆ. ಎಡ ಮೂಲೆ ಮಾತ್ರ ಒಣಗುತ್ತಲೇ ಇಲ್ಲ. ನಿನ್ನೆ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿದೆ. ತಾರಸಿಯ ಪೈಪ್ ನೀರು ನೇರವಾಗಿ ಆ ಮೂಲೆಗೇ ಸುರಿಯುತ್ತಿದೆ. ಈ ಭಾನುವಾರ ಅದರ ಬೆಂಡ್ ಆಚೆಗೆ ತಿರುಗಿಸುತ್ತೇನೆ.